ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಮುತ್ತಿನ ಹಾರ

ಅಜ್ಜಿ ತೀರಿಕೊಂಡ ವರ್ಷ ನನಗೆ ಹದಿನೇಳು ತುಂಬಿತ್ತು. ಕರ್ನಾಟಕ ಒಂದಾದ ವರ್ಷವೂ ಅದೇ. ಮುಂಡರಗಿಯ ನಮ್ಮ ಓಣಿಯಲ್ಲಿ ಎಲ್ಲರ ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದ ದಿನ ನಮ್ಮ ಮನೆಯಲ್ಲಿ ಸೂತಕವಿತ್ತು. ಶಾಲೆಯಲ್ಲಿ ಮಾಸ್ತರನಾಗಿದ್ದ ಅಪ್ಪ ಏಕೀಕರಣಕ್ಕಾಗಿ ಊರೂರು ತಿರುಗಿ ಭಾಷಣ ಮಾಡಿದವನು. ಆ ದಿನ ಮಾತ್ರ ತಲೆ ಬೋಳಿಸಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಬೀದಿಯಲ್ಲಿ ಹೋಗುವ ಮೆರವಣಿಗೆಯ ಸದ್ದು ಕೇಳಿಸಿಕೊಂಡ.

ಅಜ್ಜಿ ಅಪ್ಪನ ತಾಯಿ. ಶಿರಹಟ್ಟಿಯವಳು. ಅವಳ ತವರಿನವರು ಅಲ್ಲಿ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು ಇನ್ನೂ ಸಣ್ಣವರಿರುವಾಗಲೇ ಗಂಡ ಹೋದ. ಅಂದಿನಿಂದ ಬೋಳು ತಲೆ, ಕೆಂಪು ಸೀರೆ, ಒಂದು ಹೊತ್ತಿನ ಊಟ. ನಾನು ಕಂಡ ಅಜ್ಜಿ ಇದೇ. ಅವಳು ಮಡಿಯಲ್ಲಿದ್ದಾಗ ನಾವು ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲ. ಕೊನೆಯ ಕೆಲವು ವರ್ಷ ಲಕ್ವಾ ಹೊಡೆದು, ಮಾತು ನಿಂತು, ನಡುಮನೆಯಲ್ಲಿ ಮಲಗಿದಲ್ಲೇ ಇದ್ದಳು. ದೇವರ ಮನೆಯಲ್ಲಿ ಅವಳದೊಂದು ಕಟ್ಟಿಗೆಯ ಪೆಟ್ಟಿಗೆ ಇತ್ತು. ಅದರ ಕೀಲಿಕೈ ಅವಳ ಸೊಂಟದ ದಾರದಲ್ಲಿರುತ್ತಿತ್ತು. ಮೈ ಒರೆಸುವಾಗ ಅವ್ವ ಅದನ್ನು ಬಿಚ್ಚಲು ಹೋದರೆ, ಅಜ್ಜಿ ಆಡುವ ಒಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ವಯಸ್ಸಾದವರ ಹಟ ಎಂದು ಅವ್ವ ಬಿಟ್ಟುಬಿಡುತ್ತಿದ್ದಳು.

ಕರ್ಮಗಳೆಲ್ಲ ಮುಗಿದ ಮೇಲೆ ಗದಗಿನಿಂದ ಬಂದಿದ್ದ ಕಾಕಾನ ಎದುರಿಗೇ ಪೆಟ್ಟಿಗೆ ತೆಗೆದರು. ಕಾಕಾ ಅಪ್ಪನ ತಮ್ಮ, ಗದಗಿನ ಒಂದು ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಪೆಟ್ಟಿಗೆಯಲ್ಲಿ ಎರಡು ಹಳೆಯ ಸೀರೆ, ತುಳಸಿಮಣಿಯ ಸರ, ಬಾಯಿ ಮುಚ್ಚಿದ ಗಂಗೆಯ ತಂಬಿಗೆ ಇದ್ದವು. ಎಲ್ಲಕ್ಕಿಂತ ಕೆಳಗೆ, ಹರಿದ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಗಂಟು. ಅವ್ವ ಅದನ್ನು ಬಿಚ್ಚಿದಾಗ ಐದೆಳೆಯ ಮುತ್ತಿನ ಹಾರವೊಂದು ಅವಳ ಮಡಿಲಿಗೆ ಜಾರಿತು. ನಡುವೆ ಬಿಳಿ ಹರಳು ಕೂಡಿಸಿದ ಪದಕ, ಅದರ ಕೆಳಗೆ ಒಂದು ಹಸಿರು ಕಲ್ಲಿನ ಹನಿ. ನಮ್ಮ ಮನೆಯಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಅಜ್ಜಿಯ ಮದುವೆಯ ಒಡವೆಗಳು ಎಂದೋ ಇಬ್ಬರು ಸೊಸೆಯರಿಗೆ ಹಂಚಿಹೋಗಿದ್ದವು.

ಇದು ಎಲ್ಲಿಂದ ಬಂತು ಎಂದು ಅಪ್ಪ ಕೇಳಿದ. ಉತ್ತರ ಹೇಳಲು ಕಾಕಾ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಶಿರಹಟ್ಟಿ ಆಗ ಸಂಸ್ಥಾನದ ಆಳ್ವಿಕೆಯಲ್ಲಿತ್ತು, ಅಜ್ಜಿಯ ಅಜ್ಜ ದೊಡ್ಡ ವೈದಿಕರು, ಆಳುವವರು ಮೆಚ್ಚಿ ಉಡುಗೊರೆ ಕೊಟ್ಟಿರಬೇಕು, ಅದು ಮಗಳಿಂದ ಮಗಳಿಗೆ ಬಂದಿರಬೇಕು ಎಂದ. ಮೊದಲು 'ಇರಬೇಕು' 'ಇರಬೇಕು' ಎಂದು ಹೇಳಿದ್ದು, ಊಟಕ್ಕೆ ಕೂರುವಷ್ಟರಲ್ಲಿ ನಡೆದ ಸಂಗತಿಯೇ ಆಗಿಹೋಗಿತ್ತು. ಅಪ್ಪನೂ ಅದನ್ನು ನಂಬಿದ. ನಾನೂ ನಂಬಿದೆ. ಆ ಮಧ್ಯಾಹ್ನ ಅವ್ವ ಹಾರವನ್ನು ನನ್ನ ಕೊರಳಿಗೆ ಹಾಕಿ ಕನ್ನಡಿ ಕೊಟ್ಟಳು. ಮುತ್ತು ಮೊದಲು ತಣ್ಣಗಿದ್ದು, ಆಮೇಲೆ ಮೈಯ ಬಿಸಿಗೆ ಬೆಚ್ಚಗಾದವು. ಕನ್ನಡಿಯಲ್ಲಿದ್ದವಳು ಮಾಸ್ತರನ ಮಗಳಂತೆ ಕಾಣಲಿಲ್ಲ. ತೆಗೆದು ಕೊಡಲು ನನಗೆ ಮನಸ್ಸಿರಲಿಲ್ಲ.

ಆಗ ನನಗೆ ಲಕ್ಷ್ಮೇಶ್ವರದ ಒಂದು ಮನೆತನದ ಜೊತೆ ಮದುವೆಯ ಮಾತು ನಡೆದಿತ್ತು. ಹುಡುಗ ಕಚೇರಿಯಲ್ಲಿ ಕಾರಕೂನ. ಅವರು ಬಾಯಿಬಿಟ್ಟು ಏನೂ ಕೇಳಿರಲಿಲ್ಲವಾದರೂ ಏನಾದರೂ ಬರುತ್ತದೆಂಬ ಲೆಕ್ಕ ಇಟ್ಟುಕೊಂಡಿದ್ದರು. ಸಂಸ್ಥಾನದ ಮುತ್ತಿನ ಹಾರದ ಸುದ್ದಿಯನ್ನು ಕಾಕಾ ಯಾರನ್ನೂ ಕೇಳದೆ ಅವರಿಗೆ ಮುಟ್ಟಿಸಿಬಿಟ್ಟ. ಅವರ ಮಾತಿನ ಧಾಟಿಯೇ ಬದಲಾಯಿತು. ಹಾರವನ್ನು ನನಗೇ ಹಾಕುವುದೋ, ಮಾರಿ ಇಬ್ಬರು ಅಣ್ಣತಮ್ಮಂದಿರು ಹಂಚಿಕೊಳ್ಳುವುದೋ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಮೊದಲು ಎಷ್ಟು ಹಳೆಯದು, ಎಷ್ಟು ಬೆಲೆಬಾಳುತ್ತದೆ ಎಂದು ತಿಳಿಯಲಿ ಎಂದು ಅಪ್ಪ ಹೇಳಿದ. ಮದುವೆಯ ಸೀರೆ ನೋಡುವ ನೆಪದಲ್ಲಿ ನನ್ನನ್ನೂ ಕರೆದುಕೊಂಡು ಗದಗಿನ ಬಸ್ಸು ಹತ್ತಿದ.

ಕಾಕಾ ಕರೆದೊಯ್ದದ್ದು ಬಜಾರದ ಒಬ್ಬ ಮುತ್ತಿನ ವ್ಯಾಪಾರಿಯ ಅಂಗಡಿಗೆ. ಗಾದಿಯ ಮೇಲೆ ಕೂತಿದ್ದ ದಪ್ಪ ಮನುಷ್ಯ, ಮೈತುಂಬ ಅತ್ತರಿನ ವಾಸನೆ. ನಮ್ಮನ್ನು ಕೂಡಿಸಿ, ಹಾರವನ್ನು ಅಂಗೈಮೇಲೆ ಹರವಿಕೊಂಡ. ತಕ್ಕಡಿ ಮುಟ್ಟಲಿಲ್ಲ. ಪದಕವನ್ನು ಹಿಂದುಮುಂದು ಮಾಡಿ, ಅದರ ಬೆನ್ನನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಇದು ನಿಮ್ಮ ಮನೆಯಲ್ಲಿ ಎಷ್ಟು ವರ್ಷದಿಂದ ಇದೆ ಎಂದು ಕೇಳಿದ. ಕಾಕಾ ಶಿರಹಟ್ಟಿಯ ಕತೆಯನ್ನು ಮೊದಲಿನಿಂದ ಹೇಳಿದ. ವ್ಯಾಪಾರಿ ತಲೆಯಾಡಿಸುತ್ತ ಕೇಳಿ, ಒಂದೊಂದೇ ಎಳೆಯನ್ನು ಬೆಳಕಿಗೆ ಹಿಡಿದು ತೋರಿಸತೊಡಗಿದ. ಈಗ ಜಪಾನಿನಿಂದ ಬರುವ ಬೆಳೆಸಿದ ಮುತ್ತುಗಳು ಎಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತೆ ಗುಂಡಗಿರುತ್ತವಂತೆ. ಇವು ಹಾಗಲ್ಲ, ಒಂದರಂತೆ ಒಂದಿರಲಿಲ್ಲ. ಬಿಳುಪು ಹೋಗಿ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದವು. ದಾರ ಉಜ್ಜಿ ಉಜ್ಜಿ ತೂತುಗಳು ಅಗಲವಾಗಿದ್ದವು.

"ಮುತ್ತು ಹಳೇವು, ಖರೆ. ನೂರು ವರ್ಷದ ಮ್ಯಾಲೇ ಆಗಿರಬೇಕು. ಬಸರಾ ಕಡೆ ಸಮುದ್ರದ ಮುತ್ತು, ಇಂಥಾವು ಈಗ ಬರೂದಿಲ್ಲ," ಎಂದ. "ಇದನ್ನ ಮಾರಿದ್ರ ಗದಗಿನ್ಯಾಗ ಹಿತ್ತಲ, ಬಾವಿ ಇರೋ ಮನಿ ತೊಗೋಬಹುದು."

ಕಾಕಾನ ಮುಖ ಅರಳಿತು. ಅಪ್ಪ ಮಾತ್ರ ವ್ಯಾಪಾರಿಯ ಮುಖವನ್ನೇ ನೋಡುತ್ತಿದ್ದ. ವ್ಯಾಪಾರಿಯ ಮಾತು ಇನ್ನೂ ಮುಗಿದಿರಲಿಲ್ಲ.

ಇದು ನಮ್ಮ ಕಡೆಯ ಕೆಲಸವಲ್ಲ, ಹೈದರಾಬಾದಿನದು ಎಂದ. ಪದಕದ ಬೆನ್ನಿಗೆ ಕೆಂಪು ಹಸಿರು ಮೀನಾ ಬಣ್ಣದಲ್ಲಿ ಬಳ್ಳಿ ಬರೆದಿತ್ತು. ಅದರ ಒಂದು ಎಲೆ ಉದುರಿ, ಆ ಜಾಗದಲ್ಲಿ ಅರಗು ತುಂಬಿದ್ದರು. ಅದನ್ನು ಉಗುರಿನಿಂದ ಮುಟ್ಟಿ ತೋರಿಸಿದ. ಕೆಲವು ವರ್ಷಗಳ ಹಿಂದೆ ಬೆಟಗೇರಿಯಿಂದ ಒಬ್ಬ ಮುಸಲ್ಮಾನ ಹೆಣ್ಣುಮಗಳು ಈ ಅಂಗಡಿಗೆ ಬಂದಿದ್ದಳಂತೆ. ಐದೆಳೆ, ಹಸಿರು ಕಲ್ಲಿನ ಹನಿ, ಉದುರಿದ ಎಲೆ, ಅರಗು, ಎಲ್ಲವನ್ನೂ ಹೇಳಿ, ಇಂಥದ್ದನ್ನು ಯಾರಾದರೂ ಮಾರಲು ತಂದರೆ ತನಗೆ ತಿಳಿಸಬೇಕೆಂದು ಕೇಳಿಕೊಂಡು, ಮನೆಯ ಗುರುತು ಹೇಳಿಹೋಗಿದ್ದಳಂತೆ.

ಅಪ್ಪನ ಕಿವಿ ಕೆಂಪಾದವು. "ಅಂದ್ರ ನಮ್ಮವ್ವ ಕದ್ದಾಳ ಅಂತೀರೇನು?" ಎಂದ.

"ನಾ ಹಂಗ ಅಂದಿಲ್ರೀ ಮಾಸ್ತರ್ರ. ಆಕಿನೂ ಅಂದಿಲ್ಲ. ಮುಂಡರಗ್ಯಾಗ ಒಬ್ಬ ಅವ್ವಾರ ಕಡೆ ಇಟ್ಟೀನಿ, ಅವರು ಮಲಗ್ಯಾರ ಅಂದಿದ್ಲು."

ತಾನು ಇದನ್ನು ಕೊಳ್ಳುವುದಿಲ್ಲ ಎಂದು ಹೇಳಿ, ಹಾರವನ್ನು ಅದೇ ಧೋತರದ ತುಂಡಿನಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟ. ಬೀದಿಗೆ ಬಂದ ಮೇಲೆ ಕಾಕಾ ಸಿಟ್ಟಾದ. ಇದೆಲ್ಲ ಬೆಲೆ ಇಳಿಸುವ ಆಟ, ಹುಬ್ಬಳ್ಳಿಗೆ ಒಯ್ದರೆ ಕಣ್ಣುಮುಚ್ಚಿ ಕೊಳ್ಳುತ್ತಾರೆ ಎಂದ. ಅಪ್ಪ ಸೀರೆ ಅಂಗಡಿಗೂ ಹೋಗಲಿಲ್ಲ. ಬಸ್ಸಿನಲ್ಲಿ ಕೋಟಿನ ಒಳಜೇಬಿನ ಮೇಲೆ ಇಟ್ಟ ಕೈಯನ್ನು ಮುಂಡರಗಿ ಬರುವತನಕ ತೆಗೆಯಲಿಲ್ಲ. ತನ್ನ ತಾಯಿಯ ಹೆಸರಿಗೆ ಕಳಂಕ ಹತ್ತಿತೆಂಬ ಸಂಕಟ ಅವನದು. ನನಗೆ ಅಜ್ಜಿಗಿಂತ ಹಾರದ ಚಿಂತೆಯೇ ಹೆಚ್ಚಾಗಿತ್ತು.

ಮನೆಗೆ ಬಂದು ಅಪ್ಪ ಎಲ್ಲವನ್ನೂ ಹೇಳಿದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಂಥ ಒಬ್ಬ ಹೆಂಗಸು ಬಂದಿದ್ದಳು ಎಂದಳು. ಅಜ್ಜಿಗೆ ಲಕ್ವಾ ಹೊಡೆದ ಮೇಲೆ, ಅಪ್ಪ ಶಾಲೆಯಲ್ಲಿದ್ದ ಹೊತ್ತಿಗೆ. ಅವ್ವಾರನ್ನು ನೋಡಬೇಕು ಎಂದಷ್ಟೇ ಕೇಳಿದ್ದಳು. ಯಾರೋ ಹಳೆಯ ಪರಿಚಯದವಳು, ಕಾಳುಕಡಿ ಕೇಳಲು ಬಂದಿರಬೇಕು ಎಂದುಕೊಂಡು ಅವ್ವ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ್ದಳು. ಬಾಗಿಲಿಂದ ನೇರಕ್ಕೆ ನಡುಮನೆಯ ಹಾಸಿಗೆ ಕಾಣುತ್ತಿತ್ತು. ಅಜ್ಜಿ ಅವಳನ್ನು ನೋಡಿ ಆಡುವ ಕೈಯನ್ನು ಸೊಂಟದ ಕಡೆಗೆ ಒಯ್ದು ಒಯ್ದು ಏನೋ ಸದ್ದು ಮಾಡಿದಳು. ಅಜ್ಜಿಗೆ ಹೊಟ್ಟೆನೋವೆಂದು ಅವ್ವ ಒಳಗೆ ಓಡಿದಳು. ತಿರುಗಿ ಬರುವಷ್ಟರಲ್ಲಿ ಆ ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದಳು. ನೀರು ಕೇಳಿದಳು.

"ಮ್ಯಾಲಿಂದ ಬೊಗಸಿಗೆ ನೀರು ಹಾಕಿದೆ. ಕುಡದು ಹೋದ್ಲು. ಯಾರು, ಎಲ್ಲಿಯವಳು ಅಂತನೂ ಕೇಳಲಿಲ್ಲ ನಾನು," ಎಂದಳು ಅವ್ವ.

ಆಗ ನನಗೂ ಒಂದು ಸಂಗತಿ ನೆನಪಿಗೆ ಬಂತು. ನಾನಾಗ ಒಂಬತ್ತರ ಹುಡುಗಿ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದಿದ್ದರೂ ನಮ್ಮೂರಿಗೆ ಮೂಡಲದ ಕಡೆ ಕೆಲವೇ ಹರದಾರಿಯಾಚೆ ನಿಜಾಮನ ಸೀಮೆ ಇತ್ತು. ಅಲ್ಲಿ ರಜಾಕಾರರ ಹಾವಳಿ ತಾಳಲಾರದೆ ಜನ ಗಂಟುಮೂಟೆ ಹೊತ್ತು ನಮ್ಮೂರಿಗೆ ಬರುತ್ತಿದ್ದರು. ಗಡಿಯಲ್ಲಿ ಹೋರಾಡುವ ಹುಡುಗರ ಶಿಬಿರಕ್ಕೆ ಅಪ್ಪ ಮನೆಮನೆಯಿಂದ ಜೋಳ ಎತ್ತಿಸಿ ಕಳಿಸುತ್ತಿದ್ದ. ಆಮೇಲೆ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಯಿತು. ಶಾಲೆಯಲ್ಲಿ ಸಕ್ಕರೆ ಹಂಚಿದರು. ಆದರೆ ಆ ದಿನಗಳಲ್ಲಿ ಇನ್ನೊಂದು ತರಹದ ಜನ ಓಡುತ್ತಿದ್ದರು. ಗಡಿಯಾಚೆ ಮುಸಲ್ಮಾನರ ಮನೆಗಳಿಗೆ ಬೆಂಕಿ ಬೀಳುತ್ತಿತ್ತು. ಯಾರು ತಪ್ಪು ಮಾಡಿದ್ದರು, ಯಾರು ಮಾಡಿರಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ.

ಆ ದಿನಗಳಲ್ಲೇ ನಮ್ಮ ಅಜ್ಜಿಗೆ ಮಡಿಯ ಹುಚ್ಚು ಹಿಡಿದಿದೆ ಎಂದು ಅವ್ವ ಗೊಣಗುತ್ತಿದ್ದಳು. ಹಿತ್ತಲಿಗೆ ಹೋಗಿ ಬಂದಾಗಲೊಮ್ಮೆ ಅಜ್ಜಿ ಬಾವಿಯ ನೀರು ಸೇದಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಳು. ಮತ್ತೆ ಹಿತ್ತಲಿಗೆ, ಮತ್ತೆ ಸ್ನಾನ. ಹಿತ್ತಲಲ್ಲಿ ದನಗಳಿಗೆ ಹೊಟ್ಟು ತುಂಬಿಡುವ ಒಂದು ಕತ್ತಲೆಯ ಕೋಣೆ ಇತ್ತು. ಅಜ್ಜಿ ಸೆರಗಿನಡಿ ಏನೋ ಮುಚ್ಚಿಕೊಂಡು ಅಲ್ಲಿಗೆ ಹೋಗುವುದನ್ನು ನಾನು ನೋಡಿದ್ದೆ. ಬೆಕ್ಕು ಮರಿ ಹಾಕಿದೆ, ಯಾರೂ ಆ ಕಡೆ ಹೋಗಬೇಡಿ ಎಂದು ನನಗೆ ತಾಕೀತು ಮಾಡಿದ್ದಳು. ಮರಿಗಳನ್ನು ತೋರಿಸಲೇ ಇಲ್ಲವೆಂದು ನಾನು ಅತ್ತಿದ್ದೆ.

ಇದನ್ನು ಹೇಳುತ್ತಿದ್ದಂತೆ ಅಪ್ಪ ಸಾಕು ಎನ್ನುವಂತೆ ಕೈ ಎತ್ತಿದ. ಗೋಡೆಯ ಕಡೆ ಮುಖ ಮಾಡಿ ಕೂತ. ಉಳಿದದ್ದನ್ನು ಅವನೇ ಹೇಳಿದ. ಆಗ ಊರಲ್ಲಿ ಒಂದು ಖಬರು ಹಬ್ಬಿತ್ತಂತೆ, ಆಚೆಯ ಒಬ್ಬ ಅಧಿಕಾರಿಯ ಮನೆಯವರು ನಮ್ಮೂರಲ್ಲೇ ಅಡಗಿದ್ದಾರೆ ಎಂದು. ಕೆಲವರು ಬಡಿಗೆ ಹಿಡಿದು ಓಣಿ ಓಣಿ ಹುಡುಕಲು ಹೊರಟರು. ಅಪ್ಪ ಅವರ ಜೊತೆಗಿದ್ದ. ನಮ್ಮ ಮನೆಗೂ ಬಂದರು. ಅಜ್ಜಿ ಒದ್ದೆ ಸೀರೆಯಲ್ಲಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತು, "ನಾ ಮಡೀಲಿದ್ದೀನಿ. ನನ್ನ ಮುಟ್ಟಿ ಒಳಗ ಹೋಗೋರು ಹೋಗ್ರಿ," ಎಂದಳಂತೆ. ಒಬ್ಬರೂ ಮುಂದೆ ಬರಲಿಲ್ಲ. ಮಾಸ್ತರನ ಮನೆಯಲ್ಲಿ ಹುಡುಕುವುದೇನಿದೆ ಎಂದು ಅಪ್ಪನೇ ಅವರನ್ನು ಕರೆದುಕೊಂಡು ಮುಂದಿನ ಮನೆಗೆ ಹೋದ.

ಮರುದಿನದಿಂದ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ಕಾಕಾ ಗದಗಿನಿಂದ ಬಂದು ಅಪ್ಪನೊಡನೆ ವಾದಿಸಿದ. ಆ ಹೆಂಗಸಿನ ಬಳಿ ಪುರಾವೆ ಏನಿದೆ, ನಿಜವಾದ ಒಡತಿ ಅವಳೇ ಎಂದು ಹೇಗೆ ನಂಬುವುದು ಎಂದು ಕೇಳಿದ. ಹುಡುಗಿಯ ಮದುವೆ ತಪ್ಪಿದರೆ ನೀನೇ ಹೊಣೆ ಎಂದೂ ಹೇಳಿದ. ಅವ್ವ ಎರಡೂ ಕಡೆಗೆ ಹೊಯ್ದಾಡಿದಳು. ಬೆಳಿಗ್ಗೆ ಕೊಟ್ಟುಬಿಡೋಣ ಎನ್ನುತ್ತಿದ್ದಳು, ಸಂಜೆಗೆ ಮದುವೆಯೊಂದು ಆಗಿಹೋಗಲಿ ಎನ್ನುತ್ತಿದ್ದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಆ ದಿನಗಳಲ್ಲಿ ನನಗೇ ಸ್ಪಷ್ಟವಿರಲಿಲ್ಲ. ಅಪ್ಪ ಶಾಲೆಗೆ ಹೋಗಿ ಬರುತ್ತಿದ್ದ, ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಒಂದು ರವಿವಾರ ಬೆಳಿಗ್ಗೆ ಸ್ನಾನ ಮಾಡಿ, ಕೋಟು ಹಾಕಿಕೊಂಡು, ನನ್ನ ಕಡೆ ನೋಡಿ, "ನೀನೂ ಬಾ," ಎಂದ.

ವ್ಯಾಪಾರಿ ಕೊಟ್ಟ ಗುರುತು ಹಿಡಿದು ಬೆಟಗೇರಿಯ ನೇಕಾರರ ಓಣಿಗೆ ಹೋದೆವು. ಎರಡೂ ಬದಿಯ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಕೊನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ರಾಟಿ ತಿರುಗಿಸುತ್ತ, ಮಗ್ಗಕ್ಕೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಅವ್ವನಷ್ಟೇ ವಯಸ್ಸು. ಅಪ್ಪ ಮುಂಡರಗಿಯ ಮಾಸ್ತರ ಎಂದು ಹೇಳಿಕೊಂಡಾಗ ರಾಟಿ ನಿಂತಿತು. ತಲೆಯ ಮೇಲೆ ಸೆರಗು ಎಳೆದುಕೊಂಡು, ಅವ್ವಾರು ಹೇಗಿದ್ದಾರೆ ಎಂದು ಮೊದಲು ಕೇಳಿದಳು. ತೀರಿಕೊಂಡರು ಎಂದ ಮೇಲೆ ತುಟಿಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಂಡು, ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿದಳು.

ಅಪ್ಪ ಗಂಟನ್ನು ಅವಳ ಮುಂದಿಟ್ಟ. ಅವಳು ಬಿಚ್ಚಿ, ಮುತ್ತುಗಳನ್ನು ನೋಡದೆ ಪದಕವನ್ನು ತಿರುವಿ, ಅರಗು ತುಂಬಿದ ಎಲೆಯ ಮೇಲೆ ಹೆಬ್ಬೆರಳು ಇಟ್ಟಳು. ಹಾಗೇ ಇಟ್ಟುಕೊಂಡು ಕೂತಳು. ಅಳಲಿಲ್ಲ. ಅದು ಅವಳ ಗಂಡನ ಅಜ್ಜಿಯದಂತೆ. ಗಂಡ ಆಚೆಯ ಸೀಮೆಯಲ್ಲಿ ಕಂದಾಯದ ಅಧಿಕಾರಿ. ಅವನನ್ನು ಮನೆಯ ಮುಂದೆಯೇ ಕೊಂದರು. ಅವಳು ಆಳೆತ್ತರದ ಸಜ್ಜೆಯ ಹೊಲಗಳಲ್ಲಿ ಅಡಗುತ್ತ ನಡೆದು, ದಿಕ್ಕು ತಿಳಿಯದೆ ನಮ್ಮ ಹಿತ್ತಲಿಗೆ ಬಂದು ಬಿದ್ದಿದ್ದಳು. ನೀರು ಸೇದಲು ಬಂದ ಅಜ್ಜಿಯ ಕಣ್ಣಿಗೆ ಬಿದ್ದಳು. ಅಜ್ಜಿ ಏನೂ ಕೇಳದೆ ಹೊಟ್ಟಿನ ಕೋಣೆ ತೋರಿಸಿದಳು. ಗದಗಿನ ಕಡೆ ಹೋಗುವ ಚಕ್ಕಡಿಯೊಂದನ್ನು ಗೊತ್ತು ಮಾಡಿ ಕಳಿಸುವಾಗ, ದಾರಿಯಲ್ಲಿ ದೋಚುತ್ತಾರೆಂಬ ಹೆದರಿಕೆಯಿಂದ ಹಾರವನ್ನು ಇವಳೇ ಅಜ್ಜಿಯ ಕೈಗೆ ಕೊಟ್ಟಿದ್ದಳು.

"ಅವ್ವಾರು ಮೊದಲು ಬ್ಯಾಡ ಅಂದ್ರು. ಆಮೇಲೆ, ನಾ ಗಂಡ ಸತ್ತಾಕಿ, ನನ್ನ ಪೆಟ್ಟಿಗಿ ಯಾರೂ ಮುಟ್ಟಾಂಗಿಲ್ಲ, ಇರಲಿ ತಾ ಅಂದ್ರು," ಎಂದಳು.

ಮತ್ತೆ ಯಾಕೆ ಬರಲಿಲ್ಲ ಎಂದು ಅಪ್ಪ ಕೇಳಿದ. ಬಹಳ ದಿನ ಆ ಊರಿನ ಕಡೆ ಹೆಜ್ಜೆ ಇಡಲು ಧೈರ್ಯ ಬರಲಿಲ್ಲವಂತೆ. ಬಂದಾಗ ಅಜ್ಜಿಗೆ ಮಾತಿರಲಿಲ್ಲ. ಮುಸಲ್ಮಾನಳೊಬ್ಬಳು ಬಂದು, ನಿಮ್ಮ ಅತ್ತೆಯ ಪೆಟ್ಟಿಗೆಯಲ್ಲಿ ನನ್ನ ಮುತ್ತು ಇವೆ ಎಂದರೆ ಯಾರು ನಂಬುತ್ತಾರೆ ಎಂದಳು. ಅಜ್ಜಿಯ ಹೆಸರು ಕೆಡಿಸಿದಂತಾಗುತ್ತದೆ ಎಂದು ಸುಮ್ಮನೆ ತಿರುಗಿದಳಂತೆ.

ಅಪ್ಪ ತಲೆ ತಗ್ಗಿಸಿದ. ಆಮೇಲೆ ಹೇಳಿದ, "ಆ ದಿನ ಬಾಗಿಲಿಗೆ ಬಂದವರೊಳಗ ನಾನೂ ಇದ್ದೆ."

"ಗೊತ್ತೈತ್ರೀ," ಎಂದಳು. "ಹೊಟ್ಟಿನ ಖೋಲ್ಯಾಗಿಂದ ನಿಮ್ಮ ದನಿ ಕೇಳಿತ್ತು. ಅದು ನನ್ನ ಮಗಂದು, ಅಂಜಬ್ಯಾಡ ಅಂತ ಅವ್ವಾರು ಆಮೇಲೆ ಹೇಳಿದ್ರು. ಅದನ್ನ ಕೇಳಿ ನನಗ ಇನ್ನೂ ಅಂಜಿಕಿ ಆತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಗಿಹೋದದ್ದನ್ನು ಬಿಟ್ಟುಬಿಡಿ ಎಂಬ ಮಾತನ್ನೂ ಅವಳು ಹೇಳಲಿಲ್ಲ. ಅಪ್ಪ ಅದಕ್ಕಾಗಿಯೇ ಕಾಯುತ್ತಿದ್ದಂತೆ ನನಗೆ ಕಂಡಿತು. ಅವಳು ಗಂಟು ಕಟ್ಟಿ ಒಳಗಿಟ್ಟು ಬಂದು, ಓಣಿಯವರು ಯಾರು ಏನು ಎಂದು ಕೇಳುವ ಮೊದಲು ನೀವು ಹೊರಟರೆ ಒಳ್ಳೆಯದು ಎಂದಳು. ಬಾಗಿಲತನಕ ಬಂದು ನನ್ನ ತಲೆಯ ಮೇಲೆ ಕೈಯಿಟ್ಟಳು. ಅಜ್ಜಿಯ ಮೂಗು ನಿನಗೆ ಬಂದಿದೆ ಎಂದಳು. ಸ್ವಲ್ಪ ದೂರ ನಡೆದ ಮೇಲೆ ಹಿಂದಿನಿಂದ ಮತ್ತೆ ರಾಟಿಯ ಸದ್ದು ಕೇಳಿಸಿತು.

ನಾವು ಕಾಕಾನ ಮನೆಗೆ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ಬಂದೆವು. ಸುದ್ದಿ ತಿಳಿದ ಮೇಲೆ ಕಾಕಾ ಅಪ್ಪನ ಜೊತೆ ಮಾತು ಬಿಟ್ಟ. ಅಜ್ಜಿಯ ವರ್ಷದ ಶ್ರಾದ್ಧಕ್ಕೆ ಬಂದರೂ ಎಲೆಯ ಮುಂದೆ ಕೂತು ಉಂಡು ಎದ್ದುಹೋದ. ಲಕ್ಷ್ಮೇಶ್ವರದವರು ಜಾತಕ ಮತ್ತೊಮ್ಮೆ ನೋಡಬೇಕಾಗಿದೆ ಎಂದು ಹೇಳಿಕಳಿಸಿದರು. ಆಮೇಲೆ ಅವರಿಂದ ಯಾರೂ ಬರಲಿಲ್ಲ. ಆ ಹುಡುಗನನ್ನು ನಾನು ಒಂದೇ ಸಲ ನೋಡಿದ್ದು. ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅತ್ತದ್ದು ಹುಡುಗನಿಗಾಗಿಯೋ, ಕೊರಳಲ್ಲಿ ಬೆಚ್ಚಗಾಗಿದ್ದ ಮುತ್ತಿಗಾಗಿಯೋ, ಅಜ್ಜಿಗಾಗಿಯೋ ಎಂದು ಬೇರೆ ಬೇರೆ ಮಾಡಿ ಹೇಳಲು ಬಾರದು. ಮರುವರ್ಷ ಅಪ್ಪ ನನ್ನನ್ನು ಮಾಸ್ತರಿಕೆಯ ತರಬೇತಿಗೆ ಹಚ್ಚಿದ. ನಾನು ಶಿಕ್ಷಕಿಯಾದೆ. ಮದುವೆ ತಡವಾಗಿ ಆಯಿತು.

ತರಬೇತಿಗೆಂದು ಗದಗಿನಲ್ಲಿದ್ದಾಗ ಒಂದು ಸಂಜೆ ಬೆಟಗೇರಿಯ ಆ ಓಣಿಗೆ ಹೋಗಿದ್ದೆ. ಆ ಮನೆಯಲ್ಲಿ ಬೇರೆಯವರಿದ್ದರು. ಅವಳು ಹೈದರಾಬಾದಿನ ಕಡೆ ಹೋದಳು ಎಂದು ಒಬ್ಬರು ಹೇಳಿದರು, ಅಲ್ಲ, ವಿಜಾಪುರಕ್ಕೆ ಎಂದು ಇನ್ನೊಬ್ಬರು. ಹಾರವನ್ನು ಮಾರಿದಳೋ, ಹಾಗೇ ಇಟ್ಟುಕೊಂಡಳೋ ತಿಳಿಯಲಿಲ್ಲ.

ಅಪ್ಪ ಮೊದಲಿನಂತೆ ಸಭೆಗಳಿಗೆ ಹೋಗುತ್ತಿದ್ದ, ಕರೆದರೆ ಭಾಷಣವನ್ನೂ ಮಾಡುತ್ತಿದ್ದ. ಆದರೆ ನಿಜಾಮನ ಗಡಿಯ ಹೋರಾಟದ ಸಂಗತಿ ಬಂದರೆ ಶಿಬಿರದ ಹುಡುಗರ ತನಕ ಹೇಳಿ ನಿಲ್ಲಿಸಿಬಿಡುತ್ತಿದ್ದ. ಅಜ್ಜಿ ತನ್ನ ಮಗನಿಗೂ ಯಾಕೆ ಹೇಳಲಿಲ್ಲ ಎಂದು ನಾನು ಒಮ್ಮೆ ಅವನನ್ನೇ ಕೇಳಿದೆ. ಆಗ ಅವನು ನಿವೃತ್ತನಾಗಿದ್ದ. ಹಿತ್ತಲ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆವು.

"ಹೇಳಿದ್ರ ನಾ ಏನು ಮಾಡ್ತಿದ್ದೆ ಅಂತ ಆಕೀಗೆ ಗೊತ್ತಿರಲಿಲ್ಲ," ಎಂದ. ಇನ್ನೊಂದು ಶೇಂಗಾ ಒಡೆದು, "ನನಗೂ ಗೊತ್ತಿಲ್ಲ," ಎಂದ.

ಸುಲಿದ ಕಾಳನ್ನು ಮೊರಕ್ಕೆ ಹಾಕಿ, ಒಳಗೆ ಅವ್ವನ ಹತ್ತಿರ ಹೋದೆ.